ಕಾರ್ಪೆಟ್ಟಿನ ಎಡಗಡೆ

ನಮ್ಮ ಮನೆಯ ದಿವಾನ್ ಮಂಚದ ಮೇಲೊಂದು ಟಿಬೆಟ್ ಕಾರ್ಪೆಟ್ಟಿದೆ. ಅದು ಎಡಗಡೆ ಮಾತ್ರ ಸವೆದಿದೆ. ಬಲಗಡೆಯ ಉಣ್ಣೆ ನಿನ್ನೆ ತಂದಂತೆ ದಟ್ಟವಾಗಿ ನಿಂತಿದೆ. ಬಂದವರು ಇಲಿ ಕಡಿಯಿತೇ ಎಂದು ಕೇಳುತ್ತಾರೆ. ಇಲ್ಲ, ನಮ್ಮ ಯಜಮಾನರು ಕೂತು ಕೂತು ಸವೆದದ್ದು ಎನ್ನುತ್ತೇನೆ.

ಅವರು ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಜೀಪ್ ಡ್ರೈವರ್ ಆಗಿದ್ದರು. ಯಾವುದೋ ಡ್ಯೂಟಿಗೆ ಕೊಳ್ಳೇಗಾಲದಾಚೆ ಒಡೆಯರಪಾಳ್ಯಕ್ಕೆ ಹೋದವರು ಅಲ್ಲಿನ ಟಿಬೆಟಿಯನ್ ಕ್ಯಾಂಪಿನಿಂದ ಇದನ್ನು ಗುಂಡ್ಲುಪೇಟೆಯ ಮನೆಗೆ ಹೊತ್ತು ತಂದರು. ನೀಲಿ ನೆಲದ ಮೇಲೆ ಮೀಸೆ ಬಿಟ್ಟ ಡ್ರ್ಯಾಗನ್. "ಇದ್ಯಾವ ಪ್ರಾಣಿ ಕಣ್ಲಾ? ನಿಮ್ ಕಾಡಲ್ಲೈತಾ?" ಎಂದರು ನಮ್ಮತ್ತೆ. "ಗಣತೀಲಿ ಸಿಕ್ಕಿಲ್ಲ ಕಣವ್ವ, ಹುಡುಕ್ತಾವ್ರೆ" ಎಂದರು ಇವರು. ಕುರಿಯ ಉಣ್ಣೆಯೆಂದು ತಿಳಿದ ಮೇಲೆ, "ಉಣ್ಣೆಗೆ ಮೈಲಿಗೆ ಇಲ್ಲ, ಬುಡು" ಎಂದು ಅತ್ತೆ ಅದನ್ನು ಒಳಕ್ಕೆ ಬಿಟ್ಟುಕೊಂಡರು.

ನಾವು ಕಂಬಳಿಯ ಜನ. ಹೊದೆಯುತ್ತೇವೆ, ಮಳೆ ಬಂದರೆ ಮಡಚಿ ತಲೆಗೆ ಗೊಪ್ಪೆ ಹಾಕಿಕೊಳ್ಳುತ್ತೇವೆ. ಉಣ್ಣೆಯ ಮೇಲೆ ಸುಮ್ಮನೆ ಕೂರುವುದಕ್ಕೆ ಬೇರೆಯೇ ಅಭ್ಯಾಸ ಬೇಕು. ಅದು ಅವರಿಗೆ ಬಂತು, ನನಗೆ ಬರಲಿಲ್ಲ. ಬೆಳಿಗ್ಗೆ ಕಾಫಿ ಹಿಡಿದು ಎಡಗಡೆ ಕೂತು, ಬಲಗಡೆಯನ್ನು ತಟ್ಟಿ, "ಬಾರೇ, ಕೂತ್ಕೊ" ಎನ್ನುತ್ತಿದ್ದರು. "ಒಲೆ ಮೇಲೆ ಸಾರೈತೆ" ಎನ್ನುತ್ತಿದ್ದೆ. ನಾನು ಒಲೆಯ ಮುಂದೆ ನಿಂತೇ ಕಾಫಿ ಕುಡಿದವಳು. ಹೋದ ವರ್ಷ ಅವರು ಎದೆನೋವೆಂದು ಮಲಗಿದವರು ಏಳಲಿಲ್ಲ. ಸಾರು ಈಗಲೂ ಕುದಿಯುತ್ತದೆ, ಕರೆಯುವವರಿಲ್ಲ.

"ಆ ಬೋಳನ್ನೇ ನೋಡ್ಕೊಂಡು ಕೂತಿರ್ತೀಯ ಕಣಕ್ಕ. ನೇಯ್ದೋರ ಕೈಲೇ ಉಣ್ಣೆ ತುಂಬಿಸ್ಕೊಂಡು ಬಾ" ಎಂದಳು ಚಾಮರಾಜನಗರದ ತಂಗಿ. ಸುತ್ತಿ, ಹಗ್ಗ ಕಟ್ಟಿ ಬಸ್ಸು ಹತ್ತಿದೆ. "ಏನಕ್ಕ, ಹಾಸ್ಗೆ ಸಮೇತ ಮನೆ ಬುಟ್ಬುಟ್ರಾ?" ಎಂದ ಕಂಡಕ್ಟರು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ, ಬಹಳ ದಿನದ ಮೇಲೆ.

ಕ್ಯಾಂಪಿನಲ್ಲಿ ಕೇಳಿಕೊಂಡು ಹೋಗಿ, ಇದನ್ನು ನೇಯ್ದ ಡೋಲ್ಮಾ ಎಂಬ ಮುದುಕಿಯ ಮನೆ ಮುಟ್ಟಿದೆ. ಬಿಚ್ಚಿದೊಡನೆ ಅವರು ಕಾರ್ಪೆಟ್ಟನ್ನು ಮಗುಚಿ ಬೆನ್ನು ಸವರಿದರು. ಅವರೂ ಅವರ ಅಕ್ಕನೂ ಒಂದೇ ಹಲಗೆಯ ಮೇಲೆ ಅಕ್ಕಪಕ್ಕ ಕೂತು ನೇಯ್ದದ್ದಂತೆ. ಮಗ್ಗಕ್ಕೆ ಅಡ್ಡಲಾಗಿ ಒಂದು ಕಬ್ಬಿಣದ ಕಡ್ಡಿ ಹಿಡಿದು, ಅದಕ್ಕೆ ಉಣ್ಣೆ ಸುತ್ತುತ್ತ ಒಂದೊಂದೇ ಗಂಟು ಹಾಕಬೇಕು. ಸಾಲು ತುಂಬಿದ ಮೇಲೆ ಬಡಿದು ಕೂರಿಸಿ, ಕಡ್ಡಿಯುದ್ದಕ್ಕೂ ಚಾಕು ಎಳೆದರೆ ಉಣ್ಣೆ ಕೂದಲಿನಂತೆ ಎದ್ದು ನಿಲ್ಲುತ್ತದೆ. ಒಬ್ಬಳದು ಬೇಗ ಮುಗಿದರೆ ಇನ್ನೊಬ್ಬಳಿಗಾಗಿ ಕಾಯಬೇಕು.

"ಬಲಗಡೆ ನಂದು. ಎಡಗಡೆ ಅಕ್ಕಂದು. ಅಕ್ಕ ಓಗ್ಬುಟ್ಳು" ಎಂದರು. ಕತ್ತರಿ ಕೈಗೆತ್ತಿಕೊಂಡು, "ತುಂಬ್ಕೊಡ್ತೀನಿ. ಆದ್ರೆ ಅವಳು ಆಕಿರೋ ಗಂಟೆಲ್ಲ ಕಿತ್ತಾಕ್ಬೇಕು ಕಣಮ್ಮ."

ಮನೆಯಲ್ಲಿ ಅಕ್ಕ ನೇಯ್ದದ್ದು ಬೇರೆ ಇರಬೇಕಲ್ಲ ಎಂದೆ.

"ಮನೇಗಾ? ನೇಯ್ದಿದ್ದೆಲ್ಲ ಮಾರಾಕೆ. ನಾವು ಕೂರೋದು ಇದ್ರ ಮ್ಯಾಲೆ" ಎಂದು ಪ್ಲಾಸ್ಟಿಕ್ ಚಾಪೆ ತೋರಿಸಿ ನಕ್ಕರು. ನಗು ಮುಗಿಯುವ ಮೊದಲೇ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟರು.

"ಬ್ಯಾಡ ಬುಡಿ, ಹಿಂಗೇ ಇರ್ಲಿ" ಎಂದೆ. ಕಾರ್ಪೆಟ್ಟನ್ನು ಮತ್ತೆ ಮಗುಚಿ ನೆಲದ ಮೇಲೆ ಹಾಸಿದೆ. ಅವರು ತಾವು ನೇಯ್ದ ಬಲಗಡೆ ಕೂತು, ಪಕ್ಕದ ಬೋಳಿನ ಮೇಲೆ ಒಂದು ಕೈಯಿಟ್ಟುಕೊಂಡು ಬೆಣ್ಣೆಯ ಉಪ್ಪು ಚಹಾ ಕುಡಿದರು. ನಾನು ಚಾಪೆಯ ಮೇಲೆ ಕೂತು ಕುಡಿದೆ. ಇಲ್ಲೇ ಇಟ್ಟುಕೊಳ್ಳಿ ಎಂಬ ಮಾತು ಬಾಯಿಗೆ ಬಂತು. ಅದನ್ನು ಆಡುವಷ್ಟರಲ್ಲಿ ಅವರೇ ಕಾರ್ಪೆಟ್ಟು ಸುತ್ತಿ ಹಗ್ಗ ಬಿಗಿದರು. "ತಗೊಂಡೋಗಿ ಕೂತ್ಕೊಳಮ್ಮ. ಕೂರ್ಲಿ ಅಂತ್ಲೇ ನೇಯ್ದಿದ್ದು."

ಈಗ ಬೆಳಿಗ್ಗೆ ಸಾರು ಇಳಿಸಿ, ಕಾಫಿ ಹಿಡಿದು ಬಲಗಡೆ ಕೂರುತ್ತೇನೆ. ಉಣ್ಣೆ ಚುಚ್ಚುತ್ತದೆ. ನನ್ನ ಕಡೆ ಅವರ ಕಡೆಯಷ್ಟು ಸವೆಯುವ ತನಕ ನಾನಿರುವುದಿಲ್ಲ, ಅದು ಗೊತ್ತು. ಆದರೂ ಲೋಟ ಖಾಲಿಯಾಗುವ ತನಕ ಏಳುವುದಿಲ್ಲ.