ವರ್ಜಿಲ್ ಟ್ಯಾಕೆಟ್‌ನ ಚಪ್ಪಟೆ ಅಂಗಳ

ಕೆಂಟಕಿಯ ನಮ್ಮ ಕಣಿವೆಯಲ್ಲಿ ಚಪ್ಪಟೆ ನೆಲ ಇದ್ದವನೇ ದೊಡ್ಡ ಮನುಷ್ಯ. ಉಳಿದವರೆಲ್ಲ ಗುಡ್ಡದ ಓರೆಗೆ ಮನೆ ಅಂಟಿಸಿಕೊಂಡವರು. ಕೈತಪ್ಪಿ ಬಿದ್ದ ಆಲೂಗಡ್ಡೆ ಕೆಳಗಿನ ಮನೆಯವರ ಪಾಲು. ಹಾಗಾಗಿ ವಿದ್ಯುತ್ ಸ್ಥಾವರದವರು ಕಲ್ಲಿದ್ದಲಿನ ಬೂದಿಯನ್ನು ತಗ್ಗು ತುಂಬಿಕೊಳ್ಳಲು ಪುಕ್ಕಟೆ ಹಂಚತೊಡಗಿದಾಗ, ಅದರ ಲಾರಿ ಓಡಿಸುತ್ತಿದ್ದ ವರ್ಜಿಲ್ ಟ್ಯಾಕೆಟ್‌ಗೆ ಕೊಂಬು ಮೂಡಿತು. ಸೇಬಿನ ಪೈ ತಂದುಕೊಟ್ಟವರ ತಗ್ಗು ಬೇಗ ತುಂಬುತ್ತಿತ್ತು, ಕೊಡದವರು ಕಾಯುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚು ಬೂದಿ ಸುರಿದದ್ದು ಅವನದೇ ಅಂಗಳಕ್ಕೆ. ಮೇಲೆ ಹುಲ್ಲು ಬೆಳೆಸಿ, ಭಾನುವಾರ ಚರ್ಚ್ ಮುಗಿದ ಮೇಲೆ ನಮ್ಮನ್ನು ಕರೆದು, ನಟ್ಟನಡುವೆ ಒಂದು ಚೆಂಡು ಇಟ್ಟು, "ನೋಡ್ರೋ, ಅಲ್ಲಾಡುತ್ತಾ?" ಅನ್ನುತ್ತಿದ್ದ. ನಾವೂ ಪೆದ್ದರು, ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು.

ಸ್ಥಾವರ ಮುಚ್ಚಿತು. ಉಳಿದ ಬೂದಿ ತುಂಬಿಟ್ಟಿದ್ದ ಕೆರೆಯನ್ನು ಅಗೆದು ಸಾಗಿಸಲು ಕಂಪನಿ ಒಪ್ಪಿತು, ಆದರೆ ಸ್ಥಾವರದ ಬೇಲಿಯೊಳಗಿನದ್ದು ಮಾತ್ರ. ನಮ್ಮ ಅಂಗಳದ್ದನ್ನೂ ತೆಗೆಯಿರಿ, ಬಾವಿಗಳು ಕೆಡುತ್ತಿವೆ ಎಂದು ನಾವು ಪಟ್ಟು ಹಿಡಿದೆವು. ಆಗ ಕಂಪನಿ ವರ್ಜಿಲ್‌ಗೆ ತನ್ನ ಹೆಸರು ಹೊಲಿದ ಅಂಗಿ ತೊಡಿಸಿ, 'ನೆರೆಹೊರೆಯ ಗೆಳೆಯ' ಎಂಬ ಹುದ್ದೆ ಕೊಟ್ಟಿತು. ಮೀನು ಹಿಡಿಯುವುದಕ್ಕೂ ಆ ಮನುಷ್ಯ ಅದೇ ಅಂಗಿ ಹಾಕಿಕೊಂಡು ಬರುತ್ತಿದ್ದ.

ಅಗ್ನಿಶಾಮಕ ಠಾಣೆಯಲ್ಲಿ ಸಭೆ ಸೇರಿತು. ನಮ್ಮ ಮುದುಕಿ ಡೆಲ್ಲಾ ಸ್ಟ್ಯಾಂಪರ್ ಎದ್ದು, "ನನ್ನ ಬಾವಿ ನೀರಲ್ಲಿ ಕಾಫಿ ಮಾಡಿದ್ರೆ ತುಕ್ಕು ನೆಕ್ಕಿದ ಹಾಗಾಗುತ್ತೆ" ಎಂದಳು.

"ಡೆಲ್ಲಕ್ಕಾ, ಕಾಫಿ ಮಾಡೋಕೆ ಬರದಿದ್ರೆ ಬೂದಿಗ್ಯಾಕೆ ಬೈತೀಯಾ?" ವರ್ಜಿಲ್ ಎದೆ ಉಬ್ಬಿಸಿ ನಿಂತ. "ಹುಲ್ಲು ಬೆಳೆದ ಮೇಲೆ ಅದು ಬೂದಿ ಅಲ್ಲ, ಮಣ್ಣು! ನಮ್ಮನೇಲೂ ಅಂಥದೇ ಬಾವಿ ನೀರು. ನಾನು ಗುಂಡುಕಲ್ಲಿನ ಹಾಗಿಲ್ವಾ?"

ಕಂಪನಿಯವರು ಚಪ್ಪಾಳೆ ತಟ್ಟಿದರು. ನಮ್ಮ ಬೇಡಿಕೆ ಅಲ್ಲಿಗೇ ಬಿದ್ದುಹೋಯಿತು. ಡೆಲ್ಲಾ ಕೋಟು ಹಾಕಿಕೊಂಡು ಮನೆಗೆ ಹೋದಳು.

ಮುಂದಿನ ವಸಂತದಲ್ಲಿ ಆರೋಗ್ಯ ಇಲಾಖೆಯವರು ಬಾವಿಗಳನ್ನು ಪರೀಕ್ಷಿಸಿದರು. ಎಲ್ಲಕ್ಕಿಂತ ಕೆಟ್ಟದ್ದು ವರ್ಜಿಲ್‌ನದು. ಒಂದು ಹನಿಯನ್ನೂ ಬಾಯಿಗೆ ಹಾಕಬೇಡಿ ಎಂದುಬಿಟ್ಟರು. ಅದೇ ಅಂಗಿ ತೊಟ್ಟು, ನನ್ನ ಅಂಗಳ ಅಗೆದುಕೊಡಿ ಎಂದು ಕೇಳಲು ಅವನು ಕಂಪನಿಗೆ ಓಡಿದ. ಅಲ್ಲಿ ನಡೆದದ್ದನ್ನು ನಮಗೆ ಹೇಳಿದವಳು ಅವನ ಹೆಂಡತಿ ವನೀಟಾ, ಚರ್ಚಿನ ಅಡುಗೆಮನೆಯಲ್ಲಿ ಬೀನ್ಸ್ ನಾರು ತೆಗೆಯುತ್ತಾ. ಅಧಿಕಾರಿಣಿ ನಗುನಗುತ್ತಲೇ ಅಂದಳಂತೆ: "ಹುಲ್ಲು ಬೆಳೆದ ಮೇಲೆ ಅದು ಮಣ್ಣು, ಟ್ಯಾಕೆಟ್ ಅವರೇ. ನೀವೇ ಅಲ್ವಾ ಹೇಳಿದ್ದು?"

ಕೇಳಿ ನನಗೆ ಒಂದು ಚೂರೂ ಅಯ್ಯೋ ಅನ್ನಿಸಲಿಲ್ಲ.

ಶನಿವಾರ ಚರ್ಚಿನ ಬಾಗಿಲಲ್ಲಿ ಬಾವಿ ಕೆಟ್ಟವರಿಗೆ ಕುಡಿಯುವ ನೀರಿನ ಕ್ಯಾನ್ ಹಂಚುವವಳು ಡೆಲ್ಲಾ. ವರ್ಜಿಲ್ ಆ ಅಂಗಿ ಬಿಟ್ಟು ಬೇರೇನನ್ನೋ ಹಾಕಿಕೊಂಡು, ತಲೆ ತಗ್ಗಿಸಿ, ವನೀಟಾಳ ಜೊತೆ ಸಾಲಿನಲ್ಲಿ ನಿಂತಿದ್ದ. ಡೆಲ್ಲಾ ಗಂಡ ಹೆಂಡಿರಿಗೆ ಎರಡು ಕ್ಯಾನ್ ಇಟ್ಟಳು.

ವನೀಟಾ ಒಂದನ್ನು ವಾಪಸ್ ತಳ್ಳಿದಳು. "ಒಂದೇ ಸಾಕು ಡೆಲ್ಲಕ್ಕಾ, ನನಗೆ. ಇವರ ಬಾವಿ ನೀರು ಚೆನ್ನಾಗಿದೆ. ಊರೆಲ್ಲಾ ಕೇಳಿಸ್ಕೊಂಡಿದೆಯಲ್ಲಾ."

ವರ್ಜಿಲ್ ಹೆಂಡತಿಯ ಕ್ಯಾನ್ ಹೊತ್ತುಕೊಂಡು ಅವಳ ಹಿಂದೆ ನಡೆದ.