ಮುಂದಿನ ವರ್ಷದ ತೊಟ್ಟಿಲುಮನೆ

ವಿಮಾ ಕಚೇರಿಯ ಲಿಂಗರಾಜನಿಗೆ ಧಾರವಾಡದಿಂದ ಅಹಮದಾಬಾದಿಗೆ ವರ್ಗವಾದಾಗ ಹೆಂಡತಿ ಇಂದುಮತಿಯ ಕಂಕುಳಲ್ಲಿ ವರ್ಷ ತುಂಬದ ಮಗಳಿದ್ದಳು. ಊರು ಹೊಸದು, ಭಾಷೆ ಹೊಸದು. ಆದರೂ ಇಂದುಮತಿ ಮನೆಯಲ್ಲಿ ಕೂರುವ ಪೈಕಿಯವಳಲ್ಲ. ಸಮಾಜಸೇವೆಯ ಪರೀಕ್ಷೆ ಪಾಸು ಮಾಡಿಕೊಂಡಿದ್ದವಳು ಒಂದು ಬಟ್ಟೆ ಗಿರಣಿ ಕಂಪನಿಯಲ್ಲಿ ಕಾರ್ಮಿಕ ಕಲ್ಯಾಣಾಧಿಕಾರಿಯ ಕೆಲಸ ಹಿಡಿದಳು. ಮಣಿನಗರದ ಪಕ್ಕದ ಮನೆಯ ಸವಿತಾಬೆನ್, "ಮಗುವನ್ನು ನನ್ನ ಹತ್ತಿರ ಬಿಟ್ಟು ಹೋಗು" ಅಂದದ್ದರಿಂದಲೇ ಅದು ಸಾಧ್ಯವಾಯಿತು. ಆ ಉಪಕಾರವನ್ನು ಇಂದುಮತಿ ಒಂದು ದಿನವೂ ಮರೆಯಲಿಲ್ಲ.

ಕಂಪನಿಗೆ ಅಹಮದಾಬಾದ್, ವಡೋದರಾ, ಸೂರತ್ತಿನ ಉಧ್ನಾ ಹೀಗೆ ಮೂರು ಕಡೆ ಗಿರಣಿಗಳಿದ್ದವು. ದೀಪಾವಳಿಗೆ ಮುಂಚೆ ಮೂರೂ ಕಡೆಯ ಎಂಜಿನಿಯರುಗಳು ತಮ್ಮ ತಮ್ಮ ಗಿರಣಿಗೆ ಆಗಬೇಕಾದ ಕೆಲಸಗಳನ್ನು ಹೊತ್ತುಕೊಂಡು ಅಹಮದಾಬಾದಿನ ಹೆಡ್ಡಾಫೀಸಿಗೆ ಬರುತ್ತಿದ್ದರು. ಎಲ್ಲವನ್ನೂ ಒಂದೇ ವರ್ಷ ಮಾಡಲಾಗುತ್ತಿರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ಮಾಲೀಕರಾದ ರಸಿಕ್‌ಭಾಯಿ ಶೇಠರು ಕೂತು ತೀರ್ಮಾನಿಸುತ್ತಿದ್ದರು. ಬಾಯ್ಲರು, ಮಗ್ಗಗಳಿಗೆ ಮೊದಲ ಮಣೆ. ಆಮೇಲೆ ಸರ್ಕಾರದ ಇನ್‌ಸ್ಪೆಕ್ಟರು ಗದರಿಸಿ ಹೋದ ಕೆಲಸ. ಉಳಿದದ್ದೆಲ್ಲ ಮುಂದಿನ ವರ್ಷಕ್ಕೆ.

ಇಂದುಮತಿ ಕೇಳುತ್ತಿದ್ದುದು ಉಧ್ನಾ ಗಿರಣಿಗೊಂದು ಘೋಡಿಯಾಘರ್. ಗುಜರಾತಿಯಲ್ಲಿ ಹಾಗೆಂದರೆ ತೊಟ್ಟಿಲುಮನೆ. ಕೆಲಸಕ್ಕೆ ಬರುವ ತಾಯಂದಿರು ಮಕ್ಕಳನ್ನು ಬಿಡುವ ಕೋಣೆ. ಐವತ್ತಕ್ಕಿಂತ ಹೆಚ್ಚು ಹೆಂಗಸರಿದ್ದರೆ ಅದನ್ನು ಕಟ್ಟಿಸಲೇಬೇಕೆಂದು ಕಾನೂನಿತ್ತು. ಉಧ್ನಾದಲ್ಲಿ ನೂಲು ಸುತ್ತುವ ಹೆಂಗಸರ ಸಂಖ್ಯೆ ಐವತ್ತು ದಾಟದ ಹಾಗೆ ಶೇಠರು ನೋಡಿಕೊಂಡಿದ್ದರು. ಹಾಗಾಗಿ ಅವಳ ಘೋಡಿಯಾಘರ್ ಪ್ರತಿ ವರ್ಷವೂ ಕೊನೆಯ ಸಾಲಿನಲ್ಲೇ ನಿಂತುಬಿಡುತ್ತಿತ್ತು.

ಆ ಹೆಂಗಸರಲ್ಲಿ ರೇವಾಬೆನ್ ಎಂಬವಳೊಬ್ಬಳಿದ್ದಳು. ಗಟ್ಟಿ ಬಾಯಿ, ಗಟ್ಟಿ ನಗು. ಇಂದುಮತಿ ಉಧ್ನಾಕ್ಕೆ ಹೋದಾಗಲೆಲ್ಲ ಅವಳ ಹರಕು ಗುಜರಾತಿಯನ್ನು ತಿದ್ದುತ್ತಿದ್ದವಳು ಇವಳೇ. ಜೀವಿ ಎಂಬ ಹೆಸರಿನ ರೇವಾಳ ಮಗು ಗಿರಣಿಯ ಹಿಂದಿನ ಬೇವಿನ ಮರಕ್ಕೆ ಕಟ್ಟಿದ ಜೋಲಿಯಲ್ಲಿ ದಿನವಿಡೀ ಮಲಗಿರುತ್ತಿತ್ತು. ಅಷ್ಟು ಹೊತ್ತು ಮಗು ತಾನಾಗಿ ಮಲಗುತ್ತದೆಯೇ? ಬೆಳಿಗ್ಗೆ ಅದರ ನಾಲಿಗೆಗೆ ಅಫೀಮು ಬೆರೆಸಿದ ಬಾಲಗೋಳಿ ಎಂಬ ಗುಳಿಗೆ ತೇಯ್ದು ಹಚ್ಚುತ್ತಿದ್ದರು. ಅಲ್ಲಿ ಎಲ್ಲರೂ ಮಾಡುತ್ತಿದ್ದುದೇ.

"ಬೇಡ ರೇವಾಬೆನ್, ಅದು ವಿಷ," ಎಂದು ಇಂದುಮತಿ ಹೇಳಿದರೆ ಅವಳು, "ಗೊತ್ತು ಬೆನ್. ನೀವು ಕೋಣೆ ಕಟ್ಟಿಸಿ, ನಾನು ಗೋಳಿ ಬಿಸಾಡ್ತೀನಿ," ಅನ್ನುತ್ತಿದ್ದಳು.

"ಈ ವರ್ಷ ಖಂಡಿತ," ಎಂದು ಇಂದುಮತಿ ಮಾತು ಕೊಟ್ಟಳು. ಅದು ೧೯೬೪ರ ಮಳೆಗಾಲ.

ಆ ಸಲದ ಸಭೆಗೆ ಶೇಠರು ಅವಳನ್ನು ಮೊದಲ ಬಾರಿಗೆ ಕರೆಸಿದರು. ಬಾಯ್ಲರಿಗೂ ಹೊಸ ಮಗ್ಗಗಳಿಗೂ ಒಪ್ಪಿಗೆಯಾಯಿತು. ಇನ್ನೊಂದೇ ಒಂದು ಕೆಲಸಕ್ಕೆ ಜಾಗವಿತ್ತು. ಆಗ ವಡೋದರಾ ಗಿರಣಿಯ ಎಂಜಿನಿಯರ್ ನಂಜುಂಡಯ್ಯ ಎದ್ದರು. ಮೈಸೂರಿನ ಕಡೆಯವರು, ಮಿತಭಾಷಿ. ಅವರ ಗಿರಣಿಯ ಮಹಡಿಯಲ್ಲಿ ಹತ್ತಿ ಹಿಂಜುವ ಕೆಲಸ ನಡೆಯುತ್ತಿತ್ತು. ನೂರಾರು ಜನಕ್ಕೆ ಇಳಿಯಲು ಇದ್ದದ್ದು ಒಂದೇ ಮರದ ಮೆಟ್ಟಿಲು. ಹಿಂದಿನ ಬೇಸಿಗೆಯಲ್ಲಿ ಕಿಡಿ ಬಿದ್ದು ಹತ್ತಿ ಹೊತ್ತಿಕೊಂಡಿತ್ತು, ಹೇಗೋ ಆರಿಸಿದ್ದರು. ಹೊರಗಿನಿಂದ ಇನ್ನೊಂದು ಕಬ್ಬಿಣದ ಮೆಟ್ಟಿಲು ಆಗಲೇಬೇಕು ಎಂದರು.

ಶೇಠರು ಕನ್ನಡಕ ತೆಗೆದು ಇಂದುಮತಿಯತ್ತ ನೋಡಿದರು. "ಎರಡೂ ಕೂಲಿಯವರ ಹಿತದ ಕೆಲಸವೇ. ನೀವೇ ಹೇಳಿ ಬೆನ್, ಯಾವುದು ಮೊದಲು?"

ಆ ಮಹಡಿಯನ್ನು ಅವಳು ಹತ್ತಿ ನೋಡಿದ್ದಳು. ಗಾಳಿಯಲ್ಲೆಲ್ಲ ಹತ್ತಿಯ ಧೂಳು, ಒಬ್ಬರ ಹಿಂದೊಬ್ಬರು ಮಾತ್ರ ಇಳಿಯಬಹುದಾದ ಮೆಟ್ಟಿಲು. ಬೇವಿನ ಮರದ ಜೋಲಿಗಳೂ ಕಣ್ಣಮುಂದೆ ಬಂದವು. ಎರಡನ್ನೂ ಮಾಡಿ ಎಂದು ಬೇಡಿದಳು. ಶೇಠರು ಆಗದೆಂದು ತಲೆಯಾಡಿಸಿದರು.

"ಹಾಗಾದರೆ ಮೆಟ್ಟಿಲು," ಅಂದಳು.

ಹೊರಗೆ ಬಂದ ಮೇಲೆ ನಂಜುಂಡಯ್ಯ ಅವಳ ಹತ್ತಿರ ಬಂದು, "ನಿಮಗೆ ಎಷ್ಟು ಕಷ್ಟ ಆಯ್ತು ಅಂತ ಗೊತ್ತಮ್ಮ. ಏನು ಹೇಳ್ಬೇಕೋ ತಿಳೀತಿಲ್ಲ," ಅಂದರು. ಅವಳು ತಲೆ ತಗ್ಗಿಸಿ ನಡೆದುಬಿಟ್ಟಳು.

ಸುದ್ದಿಯನ್ನು ಬೇರೆಯವರ ಬಾಯಲ್ಲಿ ಹೇಳಿಸಬಾರದೆಂದು ತಾನೇ ಉಧ್ನಾಕ್ಕೆ ಹೋದಳು. ಹೆಂಗಸರನ್ನು ಸೇರಿಸಿ, ಮೆಟ್ಟಿಲಿನ ವಿಷಯವನ್ನೂ ಮುಚ್ಚಿಡದೆ ಹೇಳಿದಳು. ಯಾರೂ ಜಗಳ ತೆಗೆಯಲಿಲ್ಲ. ರೇವಾ ಮಾತ್ರ, "ಅಂದರೆ ಬೇಡ ಅಂದದ್ದು ಶೇಠರಲ್ಲ, ನೀವು," ಅಂದಳು. ಕೋಪದಿಂದಲ್ಲ, ತಾನು ಕೇಳಿಸಿಕೊಂಡದ್ದು ಸರಿಯೋ ಎಂದು ವಿಚಾರಿಸುವವಳ ಹಾಗೆ.

"ಹೌದು," ಅಂದಳು ಇಂದುಮತಿ.

ಚಳಿಗಾಲದಲ್ಲಿ ಜೀವಿ ಸತ್ತಿತು. ಮಗುವಿಗೆ ಕೆಮ್ಮಿತ್ತು, ಮಲಗುತ್ತಿರಲಿಲ್ಲವೆಂದು ಗೋಳಿ ಸ್ವಲ್ಪ ಹೆಚ್ಚು ತೇಯ್ದಿದ್ದರು. ಮಧ್ಯಾಹ್ನ ಹಾಲು ಕುಡಿಸಲು ಬಂದ ರೇವಾಗೆ ಜೋಲಿಯಲ್ಲಿ ಮಗು ತಣ್ಣಗಾಗಿರುವುದು ತಿಳಿಯಿತು. ಕಲ್ಯಾಣಾಧಿಕಾರಿಗೆ ಟೆಲಿಫೋನಿನಲ್ಲಿ ಸುದ್ದಿ ಬಂತು.

ಮನೆಗೆ ಬಂದ ಇಂದುಮತಿ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕೂತಳು. ಲಿಂಗರಾಜ ಗಾಬರಿಯಾದ. "ಏನಾತು? ಯಾಕ ಹಿಂಗ ಕುಂತಿ?"

ಅವಳು ಹೇಳಿದಳು. ಅವನು ಅವಳ ಪಕ್ಕದಲ್ಲಿ ಕೂತು, "ಆ ಮಹಡಿ ಮ್ಯಾಲಿನ ಮಂದೀದೂ ಜೀವಾನ ಅಲ್ಲೇನು? ನೀ ಸರಿಯಾದದ್ದ ಹೇಳೀದಿ," ಅಂದ.

"ಸರಿ ಹೇಳೀನ್ರೀ, ನನಗೂ ಗೊತ್ತೈತಿ. ಇವತ್ತ ಕೇಳಿದ್ರೂ ಅದನ್ನ ಹೇಳ್ತೀನಿ. ಆದರ ಆಕೀ ಮುಂದ ಹೋಗಿ ನಿಂದರೂದು ಹ್ಯಾಂಗ?"

ಒಳಗಿನಿಂದ ಓಡಿಬಂದ ಮಗಳು ಅವಳ ಹೆಗಲಿಗೆ ಜೋತುಬಿದ್ದು, ಸವಿತಾಬೆನ್ ಕಲಿಸಿದ ಗುಜರಾತಿಯಲ್ಲಿ ಏನೋ ಕೇಳಿದಳು. ಇಂದುಮತಿಗೆ ಅಳು ತಡೆಯಲಾಗಲಿಲ್ಲ.

ಆದರೂ ಮರುದಿನ ಹೋಗಿ ನಿಂತಳು. ರೇವಾ ಗುಡಿಸಲ ಹೊರಗೆ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಜಾಗ ಬಿಟ್ಟಳು. ಕೊನೆಗೆ ನೀರು ತಂದುಕೊಟ್ಟಳು, ಬಂದವರಿಗೆ ಕೊಡಬೇಕಲ್ಲ ಎಂದು.

ವಡೋದರಾದಲ್ಲಿ ಕಬ್ಬಿಣದ ಮೆಟ್ಟಿಲು ಎದ್ದಿತು. ಆ ಗಿರಣಿಗೆ ಮತ್ತೆ ಬೆಂಕಿ ಬೀಳಲೇ ಇಲ್ಲ. ಬಿಡುವಿನಲ್ಲಿ ಕೂಲಿಯವರು ಅದರ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಅವರನ್ನು ಕಂಡಾಗ ಇಂದುಮತಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಲ್ಲುತ್ತಿದ್ದಳು. ಮೆಟ್ಟಿಲಿಲ್ಲದೆಯೂ ಇವರೆಲ್ಲ ಬದುಕಿರುತ್ತಿದ್ದರೋ ಏನೋ. ಅದನ್ನು ಹೇಳುವವರು ಯಾರೂ ಇರಲಿಲ್ಲ.

ಘೋಡಿಯಾಘರಿನ ಸರದಿ ೧೯೬೬ರಲ್ಲಿ ಬಂತು. ಹಂಚಿನ ಮಾಡು, ಸಾಲಾಗಿ ತೊಟ್ಟಿಲು, ಒಬ್ಬ ಆಯಾ. ಇಂದುಮತಿ ತಾನೇ ನಿಂತು ಸುಣ್ಣ ಹೊಡೆಸಿದಳು. ಒಂದು ವರ್ಷ ಅಲ್ಲಿ ಮಕ್ಕಳ ಗದ್ದಲವಿತ್ತು. ಆಮೇಲೆ ನೂಲು ಸುತ್ತುವ ಹೊಸ ಯಂತ್ರಗಳು ಮೊದಲ ಮಣೆ ಏರಿ ಬಂದವು. ಹೆಂಗಸರನ್ನು ಗುಂಪುಗುಂಪಾಗಿ ಮನೆಗೆ ಕಳಿಸಿದರು. ಅವರ ಪರವಾಗಿ ಇಂದುಮತಿ ವಾದಿಸಿದಳು, ಸೋತಳು. ತೊಟ್ಟಿಲುಗಳು ಹೋಗಿ ಅಲ್ಲಿ ಬಣ್ಣದ ಪೀಪಾಯಿಗಳು ಬಂದವು.

ಲಿಂಗರಾಜನಿಗೆ ಹುಬ್ಬಳ್ಳಿಗೆ ವರ್ಗವಾದಾಗ ಅವಳು ಕೊನೆಯ ಸಲ ಉಧ್ನಾಕ್ಕೆ ಹೋದಳು. ರೇವಾ ಸ್ಟೇಷನ್ನಿನ ಹೊರಗೆ ತರಕಾರಿ ಮಾರುತ್ತಿದ್ದಳು. ಕಂಡು ಗುರುತು ಹಿಡಿದು, ಗೋಣಿಚೀಲ ಸರಿಸಿ ಕೂರಲು ಹೇಳಿದಳು.

"ಊರಿಗೆ ಹೋಗ್ತಿದ್ದೀನಿ ರೇವಾಬೆನ್."

"ಮಗಳು ದೊಡ್ಡವಳಾದಳಾ?"

"ಶಾಲೆಗೆ ಹೋಗ್ತಾಳೆ."

ರೇವಾ ತಲೆಯಾಡಿಸಿದಳು. ಆಗ ರೈಲು ಬಂತು. ಗಿರಾಕಿಗಳು ಮುತ್ತಿಕೊಂಡರು, ಅವಳು ತಕ್ಕಡಿ ಎತ್ತಿದಳು. ಸ್ವಲ್ಪ ಹೊತ್ತು ಕಾದಿದ್ದು ಇಂದುಮತಿ ಎದ್ದಳು. ಹೋಗಿಬರುತ್ತೇನೆಂದು ಅವಳು ಹೇಳಿದ್ದು ಆ ಗಲಾಟೆಯಲ್ಲಿ ರೇವಾಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.