ಅಂಗೈಗೆ ತಣ್ಣಗಾಗುವವರೆಗೆ

ತಾರಿಹಾಳದ ಆಕ್ಸಿಜನ್ ತುಂಬುವ ಘಟಕದಲ್ಲಿ ಇಸ್ತಿಯಾಕ ಇಪ್ಪತ್ತೆರಡು ವರ್ಷ ಒಂದೇ ರೂಢಿ ನಡೆಸಿಕೊಂಡು ಬಂದಿದ್ದ. ತುಂಬಿದ ಸಿಲಿಂಡರಿನ ಮೈಮೇಲೆ ಅಂಗೈ ಇಡುತ್ತಿದ್ದ. ಬಿಸಿ ಇದ್ದರೆ ಅದು ಗೇಟು ದಾಟುವಂತಿರಲಿಲ್ಲ. ಒತ್ತಿ ತುಂಬುವಾಗ ಅನಿಲ ಕಾಯುತ್ತದೆ, ಒತ್ತಡದ ಮುಳ್ಳು ಮೇಲಕ್ಕೇರುತ್ತದೆ. ತಣಿದರೆ ಮುಳ್ಳು ಇಳಿಯುತ್ತದೆ; ಆಗ ಇನ್ನಷ್ಟು ತುಂಬಬೇಕು.

ಆ ದಿನ ಬೆಳಿಗ್ಗೆ ಏಳಕ್ಕೆ ಟೆಂಪೊದ ಹನಮೇಶ ಹಾರ್ನಿನಿಂದ ಕೈ ತೆಗೆಯಲೇ ಇಲ್ಲ.

"ಲಗೂ ಏರಸ್ರಿ ಕಾಕಾ. ಸಿಲಿಂಡರಿಗೇನು ಜ್ವರಾ ಬಂದೈತೇನು, ಮುಟ್ಟಿ ಮುಟ್ಟಿ ನೋಡಾಕತ್ತೀರಿ?"

ಇಸ್ತಿಯಾಕ ನಕ್ಕು ಏರಿಸಿಬಿಟ್ಟ.

ಒಂಬತ್ತೂವರೆಗೆ ಚಹಾದ ಗ್ಲಾಸು ಹಿಡಿದಾಗ ಅಂಗೈಗೆ ನೆನಪಾಯಿತು. ಕೊನೆಯ ಸಿಲಿಂಡರು ಹೀಗೇ ಬೆಚ್ಚಗಿತ್ತು. ಅದು ಹೋದದ್ದು ಸತ್ತೂರಿನ ನಿವೃತ್ತ ಶಿಕ್ಷಕಿ ಮಂದಾಕಿನಿಯವರ ಮನೆಗೆ. ಅವರ ಯಜಮಾನರು ಬಾಳಕೃಷ್ಣ ಕರೆಂಟಿನ ಯಂತ್ರದ ಆಸರೆಯಲ್ಲಿ ಉಸಿರಾಡುವವರು. ಇವತ್ತು ಎಂಟರಿಂದ ಸಂಜೆ ಎಂಟರವರೆಗೆ ಅಲ್ಲಿ ಕರೆಂಟಿಲ್ಲ. ಹನ್ನೆರಡು ತಾಸಿಗೆ ಅದೊಂದೇ ಸಿಲಿಂಡರು. ಚೀಟಿಯಲ್ಲಿ ಅವನೇ ಒತ್ತಡ ನೂರೈವತ್ತು ಎಂದು ಬರೆದಿದ್ದ. ತಣಿದರೆ ನೂರಾ ಮೂವತ್ತೆಂಟು. ಸುಮಾರು ಒಂದು ತಾಸಿನ ಉಸಿರು ಕಡಿಮೆ.

ಫೋನ್ ಹಚ್ಚಿದ. ಯಾರೂ ಎತ್ತಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟ. ಗೇಟಿಗೆ ಹೋದ, ಬಂದ, ಮತ್ತೆ ಹೋದ. ಹನಮೇಶ ಮರಳಿದ್ದು ಹನ್ನೊಂದಕ್ಕೆ. ಇಸ್ತಿಯಾಕ ನಿನ್ನೆಯೇ ತುಂಬಿ ತಣಿಸಿಟ್ಟ ಇನ್ನೊಂದು ಸಿಲಿಂಡರು ಏರಿಸಿ ತಾನೂ ಹತ್ತಿದ.

"ಬರೇ ಒಂದು ತಾಸಿನ ಸಲುವಾಗಿ ಇಷ್ಟು ಧಾವಂತ ಏನ್ರಿ?" ಎಂದ ಹನಮೇಶ.

"ನೀ ಒಂದು ನಿಮಿಷ ಮೂಗು ಹಿಡ್ಕೊಂಡು ನೋಡಪಾ," ಎಂದ ಇಸ್ತಿಯಾಕ. ಹನಮೇಶ ಟೆಂಪೊದ ವೇಗ ಹೆಚ್ಚಿಸಿದ.

ಸತ್ತೂರಿನ ಮನೆಯಲ್ಲಿ ಬಾಳಕೃಷ್ಣರು ದಿಂಬಿಗೆ ಒರಗಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರು. ತುಟಿ ಕಪ್ಪಿಟ್ಟಿತ್ತು.

"ಮೊದಲನೇ ತಾಸಿನ್ಯಾಗ ಮುಳ್ಳು ಎರಡು ತಾಸಿನಷ್ಟು ಇಳಿದದ," ಎಂದರು ಮಂದಾಕಿನಿ. "ಎಲ್ಲೋ ಸೋರಲಿಕ್ಕತ್ತದ. ಸಂಜಿ ತನಕಾ ಸಾಲಬೇಕಲ್ಲ, ಅದಕ್ಕ ತಿರುವಿ ಕಡಿಮಿ ಮಾಡೇನಿ."

ಇಸ್ತಿಯಾಕ ಮೊದಲು ಅನಿಲದ ಹರಿವಿನ ತಿರುಪನ್ನು ಮತ್ತೆ ಎರಡು ಲೀಟರಿಗೆ ಏರಿಸಿದ. ಬಾಳಕೃಷ್ಣರ ಎದೆಯ ಏರಿಳಿತ ನಿಧಾನವಾಗುವ ತನಕ ನಿಂತೇ ಇದ್ದ.

"ಸೋರಿಲ್ಲರಿ ಅಕ್ಕಾರ, ತಪ್ಪು ನಂದು. ಬಿಸಿ ಇದ್ದಾಗನ ಕಳಿಸೇನಿ. ಬಾಟ್ಲಿ ಅಷ್ಟ ಐತಿ, ಒಳಗಿನ ಕಣಾನೂ ಅಷ್ಟ ಅದಾವು. ಕಾಯ್ದಾಗ ಜೋರ್ ಓಡಿ ಗ್ವಾಡಿಗೆ ಬಡಿತಾವ, ತಣದ್ರ ಸಾವಕಾಶ. ಮುಳ್ಳು ಆ ಬಡತಾ ತೋರಸ್ತೈತಿ."

"ನಮ್ಮ ಸಾಲ್ಯಾಗ ಆಗಿದ್ರ ನಿಮ್ಮನ್ನ ಬೆಂಚಿನ ಮ್ಯಾಲ ನಿಲ್ಲಸ್ತಿದ್ದೆ."

"ನಿಲ್ಲಸ್ರಿ."

ಮಂದಾಕಿನಿ ನಗಲಿಲ್ಲ. ಎದ್ದು ಹೊಸ ಸಿಲಿಂಡರಿಗೆ ಅಂಗೈ ಒತ್ತಿದರು. "ಇದೂ ಬಿಸಿ ಅದ ಅಲ್ಲರಿ?"

"ಬಿಸಲಾಗ ಬಂದೈತ್ರಿ."

"ಹಂಗಾರ ಇದರ ಮುಳ್ಳೂ ಸುಳ್ಳು."

ಇಸ್ತಿಯಾಕ ಸಿಲಿಂಡರನ್ನು ನೆರಳಿಗೆ ಸರಿಸಿ, ಹನಮೇಶನಿಗೆ ನೀನು ಹೋಗು ಎಂದು ಕೈ ಮಾಡಿ, ಅದರ ಪಕ್ಕದಲ್ಲೇ ನೆಲದ ಮೇಲೆ ಕುಳಿತ. ಅದು ಅಂಗೈಗೆ ತಣ್ಣಗಾಗುವವರೆಗೆ ಅವನು ಏಳುವವನಲ್ಲ.